ಎರೆ ಮಣ್ಣಿನಲ್ಲಿ ಸಿಕ್ಕ ಗಾಡಿ

ನಿನ್ನೆ ತಾಳಿಕೋಟೆ ಹತ್ತಿರ ಹೊಲದ ದಾರಿಯಲ್ಲಿ ನಮ್ಮ ಪಿಕಪ್ ಹುಗಿದುಬಿಟ್ಟಿತು. ಹಿಂದೆ ಉಳ್ಳಾಗಡ್ಡಿ ಚೀಲ, ಕೆಳಗೆ ಡೋಣಿ ಹೊಳೆ ಸಾಲಿನ ಎರೆ ಮಣ್ಣು, ಹಿಂದಿನ ರಾತ್ರಿಯೆಲ್ಲ ಮಳೆ. ಗಾಬರಿಯಲ್ಲಿ ಎಕ್ಸಲರೇಟರ್ ಒತ್ತಿದೆ. ಗಾಲಿ ಅಲ್ಲೇ ತಿರುಗಿ ಇನ್ನೂ ಕೆಳಗಿಳಿಯಿತು.

ಪಕ್ಕದ ಹೊಲದ ಕಾಕಾ ಓಡಿ ಬಂದರು. "ತಮ್ಮಾ, ಮೊದ್ಲ ಗಾಡಿ ಬಂದ್ ಮಾಡು. ತಿರುಗಿಸಿದಷ್ಟೂ ಒಳಗ ಹೋಗತೈತಿ."

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಟೈರಿನ ಗೀರುಗಳಲ್ಲಿ ತುಂಬಿಕೊಂಡು ಅದನ್ನು ನುಣ್ಣಗೆ ಮಾಡಿಬಿಡುತ್ತದೆ, ಹಿಡಿತವೇ ಸಿಗಲ್ಲ. ಚೀಲ ಇಳಿಸಿದೆವು. ಸಲಿಕೆಯಿಂದ ಗಾಲಿ ಮುಂದಿನ ಕೆಸರು ತೆಗೆದೆವು. ಹಿಂದಿನ ಟೈರಿನ ಗಾಳಿ ಸ್ವಲ್ಪ ಬಿಟ್ಟೆವು, ನೆಲಕ್ಕೆ ಜಾಸ್ತಿ ಅಗಲವಾಗಿ ತಾಗಲಿ ಅಂತ. ಕಾಕಾ ತಮ್ಮ ಬಣವೆಯಿಂದ ಜೋಳದ ಕಣಿಕಿ ತಂದು ಗಾಲಿ ಕೆಳಗೆ ಹಾಸಿದರು. ದನದ ಮೇವು ಅದು. ಬೇಡ ಅಂದರೂ ಕೇಳಲಿಲ್ಲ. ಎರಡನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟೆ. ಮೂರನೇ ಸಲಕ್ಕೆ ಗಾಡಿ ಮೇಲೆ ಬಂತು.

ರಾತ್ರಿ ಸೈನ್ಯದಲ್ಲಿರುವ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಲಡಾಖ್‌ನ ಹಿಮದಲ್ಲೂ ಇದೇ ಕಥೆಯಂತೆ. ಗಾಲಿ ಸುಮ್ನೆ ತಿರುಗಿದರೆ ಕೆಳಗಿನ ಹಿಮ ನುಣುಪು ಗಡ್ಡೆಯಾಗುತ್ತದೆ. ಅದಕ್ಕೇ ಟೈರಿಗೆ ಚೈನ್ ಕಟ್ಟುತ್ತಾರೆ.

'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಅಂತಾರೆ ನಮ್ಮಲ್ಲಿ. ಮಳೆ ನಿಂತ ಮೇಲೂ ಹಿಂಗಾರಿ ಜೋಳಕ್ಕೆ ತೇವ ಹಿಡಿದಿಡೋದು ಇದೇ ಮಣ್ಣು ಅಲ್ವಾ? ಅದರ ಮೇಲೆ ಸಿಟ್ಟೇ ಬರಲಿಲ್ಲ. ನಾಳೆ ಕಾಕಾನ ಮನೆಗೆ ಎರಡು ಹೊರೆ ಮೇವು ಒಯ್ದು ಕೊಡಬೇಕು.