ಡ್ರಮ್ ಮೆಷಿನ್ ಕೊಳ್ಳುವ ಮುಂಚೆ ಏಳು ಮಾತ್ರೆ ತಿರುಗಿಸಿ ನೋಡಿ

ಅಂಗಡಿಯವರು ಡ್ರಮ್ ಮೆಷಿನ್, ಅಂದರೆ ನಾವು ಕೂಡಿಸಿಟ್ಟ ತಾಳವನ್ನು ತಾನೇ ನುಡಿಸುವ ಯಂತ್ರ, ತೋರಿಸುವಾಗ ಮೊದಲು ಹೇಳುವುದು ಅದರಲ್ಲಿ ಎಷ್ಟು ಸೌಂಡ್ ಇದೆ ಅನ್ನುವುದನ್ನು. ನಮ್ಮ ಹಾಡುಗಳಿಗೆ ಅದು ಕೊನೆಗೆ ನೋಡಬೇಕಾದ ವಿಷಯ. ಕೋಲಾರ, ಚಿಂತಾಮಣಿ, ಮುಳಬಾಗಿಲು ಕಡೆ ಇಬ್ಬರು ಮೂವರು ಸೇರಿ ಭಾವಗೀತೆ, ಜನಪದ ಹಾಡುವ ತಂಡಗಳಿಗೆ ಬೇಕಾದ್ದು ಮೂರು ತಾಳ: 6 ಮಾತ್ರೆಯ ದಾದ್ರಾ, 8 ಮಾತ್ರೆಯ ಕೆಹರ್ವಾ, 7 ಮಾತ್ರೆಯ ಮಿಶ್ರಛಾಪು (ಮಾತ್ರೆ ಅಂದರೆ ತಾಳದ ಒಂದು ಎಣಿಕೆ). ಇವು ಮೂರೂ ಎಡವದೆ ತಿರುಗಬೇಕು, ಹಾಡುತ್ತಿರುವಾಗಲೇ ಪಲ್ಲವಿಯಿಂದ ಚರಣಕ್ಕೆ ದಾಟಬೇಕು. ಈ ಎರಡು ಪರೀಕ್ಷೆಯಲ್ಲಿ ಪಾಸಾದ ಮೇಲೆ ಉಳಿದದ್ದು ನೋಡಬಹುದು.

ಹೆಚ್ಚಿನ ಮೆಷಿನ್‌ಗಳಲ್ಲಿ ಸಾಲಾಗಿ 16 ಸ್ಟೆಪ್, ಅಂದರೆ ಏಟು ಕೂಡಿಸುವ ಮನೆಗಳು, ಇರುತ್ತವೆ. ಒಂದು ಮಾತ್ರೆಗೆ ಎರಡು ಸ್ಟೆಪ್ ಹಿಡಿದರೆ ಕೆಹರ್ವಾದ 8 ಮಾತ್ರೆ ಸರಿಯಾಗಿ ಕೂರುತ್ತದೆ. ಧಾ ಗೆ ನಾ ತಿ ನಾ ಕ ಧಿ ನಾ ಅನ್ನುವ ತಬಲಾ ಬೋಲ್‌ಗಳನ್ನು 1, 3, 5, 7, 9, 11, 13, 15ರಲ್ಲಿ ಇಡಿ. ಕಿಕ್ (ದಪ್ಪ ದನಿಯ ಡ್ರಮ್) 1ರಲ್ಲಿ ಜೋರಾಗಿ, 3ರಲ್ಲಿ ಮೆಲ್ಲಗೆ, ಮತ್ತೆ 13ರಲ್ಲಿ. 5, 9, 15ಕ್ಕೆ ರಿಮ್ (ಡ್ರಮ್ಮಿನ ಅಂಚಿನ ಏಟು) ಅಥವಾ ಎತ್ತರದ ದನಿಯ ಕಾಂಗಾ ಡ್ರಮ್. 7, 11ಕ್ಕೆ ಮುಚ್ಚಿದ ಹೈಹ್ಯಾಟ್, ಸಣ್ಣದಾಗಿ. ಐದನೇ ಮಾತ್ರೆ, ಅಂದರೆ 9ನೇ ಸ್ಟೆಪ್, ಖಾಲಿ: ತಬಲಾದಲ್ಲಿ ಅಲ್ಲಿ ಡಗ್ಗಾದ ದಪ್ಪ ದನಿ ಇರುವುದಿಲ್ಲ. ಅಲ್ಲಿ ಕಿಕ್ ಹಾಕಿದರೆ ಕೆಹರ್ವಾ ಹೋಗಿ ಡಿಸ್ಕೋ ಬೀಟ್ ಆಗುತ್ತದೆ. ಎಷ್ಟೋ ತಂಡಗಳ ರಿದಂ ಭಾವಗೀತೆಗೆ ಹೊಂದದೆ ಇರುವುದಕ್ಕೆ ಇದೊಂದೇ ಕಾರಣ.

ಮಿಶ್ರಛಾಪುವಿಗೆ 14 ಸ್ಟೆಪ್ ಸಾಕು. ಪೆಟ್ಟು 1, 7, 11ರಲ್ಲಿ. ಕೊನೆಯ ಎರಡು ಸ್ಟೆಪ್ ಬಿಟ್ಟು ತಿರುಗುವ ಸೌಲಭ್ಯ ಇರಲೇಬೇಕು. ರೋಲ್ಯಾಂಡ್ ಟಿಆರ್-6ಎಸ್, ಟಿಆರ್-8ಎಸ್‌ಗಳಲ್ಲಿ ಅದು ಲಾಸ್ಟ್ ಸ್ಟೆಪ್; ಕಾರ್ಗ್ ವೋಲ್ಕಾಗಳಲ್ಲಿ ಬೇಡದ ಸ್ಟೆಪ್ ಕೈಬಿಡುವ ಆಕ್ಟಿವ್ ಸ್ಟೆಪ್. 1990ರ ದಶಕದ ಆರಂಭದಿಂದ ಬರುತ್ತಿರುವ ಅಲೆಸಿಸ್ ಎಸ್‌ಆರ್-16ರಲ್ಲಿ ಪ್ಯಾಟರ್ನ್ ಉದ್ದವನ್ನು ಬೀಟ್ ಲೆಕ್ಕದಲ್ಲಿ ಕೊಡಬೇಕು. ಅಲ್ಲಿ ಒಂದು ಮಾತ್ರೆಗೆ ಒಂದು ಬೀಟ್ ಹಿಡಿದು 7 ಕೊಡಿ, ಟೆಂಪೋ ದುಪ್ಪಟ್ಟು ಮಾಡಿ.

ದಾದ್ರಾದಲ್ಲಿ ಒಂದು ತೊಡಕಿದೆ. 12 ಸ್ಟೆಪ್ ಹಾಕಿದರೆ 6 ಮಾತ್ರೆ ಬಂದೇನೋ ಬರುತ್ತದೆ, ಆದರೆ ಮೆಷಿನ್ ಅದನ್ನು ನಾಲ್ಕು ನಾಲ್ಕು ಸ್ಟೆಪ್‌ನ ಮೂರು ಬೀಟ್ ಅಂತ ಎಣಿಸುತ್ತದೆ. ಹಾಡುವವರು ಚಪ್ಪಾಳೆ ತಟ್ಟುವುದು ಒಂದನೇ ಮತ್ತು ನಾಲ್ಕನೇ ಮಾತ್ರೆಗೆ. ಆ ಲೆಕ್ಕದಲ್ಲಿ ಟ್ಯಾಪ್ ಟೆಂಪೋ (ತಟ್ಟಿ ವೇಗ ಕೊಡುವ ಗುಂಡಿ) ಒತ್ತಿದರೆ ಹಾಡು ಬೇಕಾದ್ದಕ್ಕಿಂತ ನಿಧಾನವಾಗಿ ಓಡುತ್ತದೆ. ಟಿಆರ್‌ಗಳಲ್ಲಿ ಸ್ಕೇಲ್ (ಸ್ಟೆಪ್‌ನ ಅಳತೆ) ಅನ್ನು 16ರ ಟ್ರಿಪ್ಲೆಟ್‌ಗೆ ಬದಲಾಯಿಸಿ. ಆಗ ಒಂದು ಬೀಟ್‌ಗೆ 6 ಸ್ಟೆಪ್, 12 ಸ್ಟೆಪ್‌ಗೆ ಒಂದು ದಾದ್ರಾ. ಚಪ್ಪಾಳೆಗೂ ಟ್ಯಾಪ್‌ಗೂ ಲೆಕ್ಕ ತಾಳೆಯಾಗುತ್ತದೆ.

ಇನ್ನು ವೇದಿಕೆ. ಹಾರ್ಮೋನಿಯಂ ಹಿಡಿದು ಚಕ್ಕಳಮಕ್ಕಳ ಕೂತು ಹಾಡುವವರಿಗೆ ಕಾಲಿನ ಪೆಡಲ್ ಉಪಯೋಗಕ್ಕೆ ಬಾರದು. ತಿದಿ ಒತ್ತುವ ಎಡಗೈ ಒಂದು ಕ್ಷಣ ಬಿಟ್ಟು ಮುಟ್ಟುವಷ್ಟು ಹತ್ತಿರದಲ್ಲಿ, ದೊಡ್ಡ ಗುಂಡಿಯಿರುವ ಮೆಷಿನ್ ಇರಬೇಕು. ವೋಲ್ಕಾದ ಚಿಕ್ಕ ಚಿಕ್ಕ ಗುಂಡಿಗಳು ಮಂದ ಬೆಳಕಿನಲ್ಲಿ ಕೈಗೆ ಸಿಗುವುದಿಲ್ಲ. ಅದು ಮನೆಯಲ್ಲಿ ಹಾಡು ಕಟ್ಟುವುದಕ್ಕೇ ಸರಿ. ನಿಂತು ಗಿಟಾರ್ ನುಡಿಸುವವರಿಗೆ ಕಾಲಲ್ಲಿ ತುಳಿಯುವ ಡ್ರಮ್ ಮೆಷಿನ್ ಆದ ಬೀಟ್‌ಬಡಿ ಪೆಡಲ್‌ಗಿಂತ ಅನುಕೂಲವಾದದ್ದು ನನಗೆ ಕಾಣುವುದಿಲ್ಲ: ಒಮ್ಮೆ ತುಳಿದರೆ ಫಿಲ್ (ನಡುವೆ ತುಂಬುವ ಚಿಕ್ಕ ಏಟುಗಳ ಸಾಲು), ಒತ್ತಿ ಹಿಡಿದರೆ ಮುಂದಿನ ಭಾಗ, ಎರಡು ಸಲ ತುಳಿದರೆ ಮುಕ್ತಾಯ. ಎಸ್‌ಆರ್-16ಕ್ಕೂ ಫುಟ್‌ಸ್ವಿಚ್ ಹಾಕಬಹುದು. ಮನೆಮನೆಯಲ್ಲಿರುವ ತಾಳಮಾಲಾದಂಥ ಎಲೆಕ್ಟ್ರಾನಿಕ್ ತಬಲಾ ರಿಯಾಜಿಗೆ ಬಹಳ ಒಳ್ಳೆಯದು, ಪಲ್ಲವಿ-ಚರಣದ ತಿರುವಿಗೆ ಸಾಲದು.

ಸೌಂಡ್‌ನವರಿಗೆ ವೈರ್ ಕೊಡುವಾಗ ಆಗುವ ತಪ್ಪು ತಿಳಿದಿರಲಿ. ವೋಲ್ಕಾದ ಔಟ್‌ಪುಟ್ ಹೆಡ್‌ಫೋನ್ ಸೈಜಿನ 3.5 ಮಿ.ಮೀ. ಸ್ಟೀರಿಯೋ ಪಿನ್. ಅದನ್ನು ಸ್ಟೀರಿಯೋ ವೈರಿನಲ್ಲಿ ನೇರವಾಗಿ ಮಿಕ್ಸರಿನ ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಚುಚ್ಚಿದರೆ ಕಿಕ್ಕು, ಸ್ನೇರು ಎರಡೂ ಮಾಯ. ಮಿಕ್ಸರ್ ಎಡದಿಂದ ಬಲವನ್ನು ಕಳೆಯುತ್ತದೆ, ಎರಡರಲ್ಲೂ ಸಮವಾಗಿರುವ ಸೌಂಡ್ ರದ್ದಾಗಿಬಿಡುತ್ತದೆ. ಮೆಷಿನ್ ಕೆಟ್ಟಿದೆ ಅಂದುಕೊಂಡು ಪರದಾಡುವುದು ಇಲ್ಲೇ. ಒಂದು ಕಡೆ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎರಡು ಮೋನೋ ಪಿನ್ ಇರುವ ವೈರ್ ಒಯ್ಯಿರಿ. ಒಂದೇ ಚಾನೆಲ್ ಸಿಕ್ಕರೆ ಎಡದ್ದನ್ನು ಮಾತ್ರ ಕೊಡಿ. ಗುಂಯ್ ಅನ್ನುವ ಹಮ್ ಬಂದರೆ ಮಧ್ಯೆ ಡಿಐ ಬಾಕ್ಸ್ (ಸಿಗ್ನಲ್ ಹೊಂದಿಸುವ ಪೆಟ್ಟಿಗೆ) ಹಾಕಿ, ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ.

ಹಳ್ಳಿಯ ಮೈಕ್‌ಸೆಟ್‌ನ ಹಾರ್ನ್‌ಗಳಲ್ಲಿ 50 ಹರ್ಟ್ಸ್‌ನ ಆಳದ 808 ಕಿಕ್ (ರೋಲ್ಯಾಂಡಿನ ಹಳೆಯ ಟಿಆರ್-808 ಮೆಷಿನ್‌ನ ದನಿ) ಕೇಳಿಸುವುದೇ ಇಲ್ಲ. ಅಂಥ ಕಡೆ ಕಿಕ್‌ನ ಟ್ಯೂನ್ ಏರಿಸಿ, ಡಿಕೇ (ದನಿಯ ಬಾಲ) ತಗ್ಗಿಸಿ, ಅಟ್ಯಾಕ್ (ದನಿಯ ಮೊದಲ ಏಟು) ಹೆಚ್ಚಿಸಿ. 'ಟಕ್' ಅನ್ನುವ ಮೊದಲ ಏಟೇ ಜನಕ್ಕೆ ತಾಳ ಕೊಡುವುದು.

ಕರೆಂಟ್ ಹೋಗಿ ಜನರೇಟರ್ ಬರುವ ನಡುವೆ ಮೆಷಿನ್ ಆಫ್ ಆಗುತ್ತದೆ. ರೈಟ್ (ಸೇವ್) ಗುಂಡಿ ಒತ್ತಿ ಉಳಿಸದ ಪ್ಯಾಟರ್ನ್ ಆಗ ಹೋದ ಹಾಗೆಯೇ. ಟಿಆರ್-6ಎಸ್ 4 ಎಎ ಸೆಲ್‌ನಲ್ಲಿ, ವೋಲ್ಕಾಗಳು 6ರಲ್ಲಿ ಓಡುತ್ತವೆ. ಟಿಆರ್-8ಎಸ್‌ಗೆ ಅಡಾಪ್ಟರೇ ಗತಿ. ಎಸ್‌ಆರ್-16ರದ್ದು 9 ವೋಲ್ಟ್ ಎಸಿ ಅಡಾಪ್ಟರ್. ಗಿಟಾರ್ ಪೆಡಲ್‌ನ ಡಿಸಿ ಅಡಾಪ್ಟರ್ ಅದಕ್ಕೆ ಬೇಡ.

ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಪಡೆದ ಮುನಿವೆಂಕಟಪ್ಪನವರು ಚಿಕ್ಕಬಳ್ಳಾಪುರ ಜಿಲ್ಲೆಯವರು. ಇಂಥ ಸೀಮೆಯಲ್ಲಿದ್ದು ತಮಟೆ ಸೌಂಡನ್ನು ಎಲ್ಲಿಂದಲೋ ಡೌನ್‌ಲೋಡ್ ಮಾಡುವುದು ಬೇಡ ಅನ್ನಿಸುತ್ತದೆ. ನುಡಿಸುವವರನ್ನು ಕೇಳಿ, ಅವರಿಗೆ ಸಲ್ಲಬೇಕಾದ್ದು ಕೊಟ್ಟು ರೆಕಾರ್ಡ್ ಮಾಡಿಕೊಳ್ಳಿ. ಚರ್ಮವನ್ನು ಬೆಂಕಿಗೆ ಕಾಯಿಸಿದ ಕೂಡಲೇ ಮಾಡಬೇಕು, ಆರುತ್ತಾ ಹೋದಂತೆ ಶ್ರುತಿ ಇಳಿಯುತ್ತದೆ. ಎರಡು ಕೋಲಿನ ಏಟು ಬೇರೆ ಬೇರೆಯಾಗಿ, ಮೆಲ್ಲಗೆ, ಮಧ್ಯಮ, ಜೋರು ಹೀಗೆ ತೆಗೆದುಕೊಳ್ಳಿ. ಫೈಲಿನ ಶುರುವಿನಲ್ಲಿ ಕೂದಲೆಳೆಯಷ್ಟೂ ಮೌನ ಬಿಡದೆ ಕತ್ತರಿಸಿ. ಬಿಟ್ಟರೆ ಪ್ರತಿ ಏಟೂ ತಡವಾಗಿ ಬಿದ್ದು ತಾಳ ಎಳೆದಂತೆ ಕೇಳುತ್ತದೆ. ಟಿಆರ್-6ಎಸ್‌ಗೆ ಎಸ್‌ಡಿ ಕಾರ್ಡ್‌ನಿಂದ, ವೋಲ್ಕಾ ಸ್ಯಾಂಪಲ್ 2ಕ್ಕೆ ಯುಎಸ್‌ಬಿಯಿಂದ ಇವನ್ನು ಹಾಕಬಹುದು.

ಸೆಕೆಂಡ್ ಹ್ಯಾಂಡ್ ಆದರೆ ಪ್ರತಿ ಗುಂಡಿಯನ್ನೂ ಹತ್ತು ಸಲ ಒತ್ತಿ, ಒಂದು ಒತ್ತಿಗೆ ಎರಡು ಏಟು ಬೀಳುತ್ತದೆಯೇ ನೋಡಿ. ವಾಲ್ಯೂಮ್ ತಿರುಗಿಸಿದಾಗ ಗರಗರ ಬಂದರೆ ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ಸರಿಯಾಗಬಹುದು. ಔಟ್‌ಪುಟ್ ಪಿನ್ ಅಲ್ಲಾಡಿಸಿದರೆ ಸೌಂಡ್ ಕಡಿದು ಹೋಗುವುದಾದರೆ ಬೆಸುಗೆ ಬಿಟ್ಟಿದೆ, ಬೆಲೆ ಇಳಿಸಿ ಕೇಳಿ.