ಸತುವಿನ ಹ್ಯಾಮರ್‌ಗೆ ಕೊನೆಗೂ ನೀಲಿ ಹತ್ತಿತು

ಕೋಲ್ಟ್ ಗವರ್ನಮೆಂಟ್ ಪಿಸ್ತೂಲಿನ ಮಾಡೆಲ್‌ಗನ್ (ಗುಂಡು ಹಾರಿಸದ ಮಾದರಿ) ಕಿಟ್‌ನ ಸ್ಲೈಡ್ (ಮೇಲೆ ಜಾರುವ ಭಾಗ) ಮತ್ತು ಫ್ರೇಮ್ (ಹಿಡಿಯಿರುವ ಕೆಳಭಾಗ) ಮುಗಿದು ಬಹಳ ದಿನವಾಯಿತು. ಅಚ್ಚಿನ ಗೆರೆ ತೆಗೆಯೋದು, 400ರಿಂದ 2000 ನಂಬರಿನವರೆಗೆ ಎಮರಿ ಪೇಪರ್, ಜಿಡ್ಡು ತೆಗೆಯೋದು, ಹೇರ್ ಡ್ರೈಯರ್ ಬಿಸಿ, ಆಮೇಲೆ ಬ್ಲೂಯಿಂಗ್, ಅಂದರೆ ರಾಸಾಯನಿಕ ದ್ರವದಿಂದ ಲೋಹಕ್ಕೆ ನೀಲಿಗಪ್ಪು ಬಣ್ಣ ಹಿಡಿಸೋದು. ಇದನ್ನೆಲ್ಲ ನಿಮಗೆ ಮತ್ತೆ ಹೇಳಬೇಕಾಗಿಲ್ಲ. ಈ ಸಲದ ಬರಹವೆಲ್ಲ ಹ್ಯಾಮರ್‌ಗೇ, ಅಂದರೆ ಪಿಸ್ತೂಲಿನ ಹಿಂಬದಿಯ ಸುತ್ತಿಗೆಯಂಥ ಭಾಗಕ್ಕೇ, ಮೀಸಲು. ಇಡೀ ಪಿಸ್ತೂಲನ್ನು ನಿಲ್ಲಿಸಿಟ್ಟಿದ್ದು ಆ ಒಂದು ಚಿಕ್ಕ ತುಂಡು.

ನಾನು ಜಪಾನ್‌ಗೆ ಬಂದ ಮೇಲೆ ಈ ಹುಚ್ಚು ಹಿಡಿದಿದ್ದು. ಇಲ್ಲಿನ ಮಾಡೆಲ್‌ಗನ್‌ಗಳು ಪ್ಲಾಸ್ಟಿಕ್ ಆಗಿರುವುದಕ್ಕೆ ಕಾನೂನೇ ಕಾರಣ. 1971ರಲ್ಲಿ ನಿಯಮ ಬಿಗಿಯಾಯಿತು. ಪಿಸ್ತೂಲಿನ ಆಕಾರದ ಲೋಹದ ಮಾದರಿಯ ನಳಿಕೆ ಮುಚ್ಚಿರಬೇಕು, ಮೈ ಬಿಳಿ ಅಥವಾ ಹಳದಿ ಬಣ್ಣದ್ದಾಗಿರಬೇಕು ಎಂದರು. ನಿಜವಾದ ಉಕ್ಕಿನ ಬಣ್ಣ ಬೇಕು ಅನ್ನುವವರಿಗೆ ಪ್ಲಾಸ್ಟಿಕ್ ಒಂದೇ ದಾರಿ ಉಳಿಯಿತು. ಮೊದಲು ಎಬಿಎಸ್, ಆಮೇಲೆ ಲೋಹದ ಪುಡಿ ಬೆರೆಸಿದ ಹೆವಿವೇಟ್ ಪ್ಲಾಸ್ಟಿಕ್. ಅದೇ ನಮ್ಮ ಎಚ್‌ಡಬ್ಲ್ಯೂ. ಇದರಿಂದ ಗುಂಡು ಹಾರುವುದಿಲ್ಲ, ನಳಿಕೆಯೊಳಗೆ ಗಟ್ಟಿ ಉಕ್ಕಿನ ಬೆಣೆ ಕೂತಿರುತ್ತದೆ. ನಮಗೆ ಬೇಕಿರುವುದು ಆಕಾರ, ಮೈಬಣ್ಣ, ಕೈಗೆ ಸಿಗುವ ಭಾರ.

ಪ್ಲಾಸ್ಟಿಕ್ ಅಂದ ತಕ್ಷಣ ಮೂಗು ಮುರಿಯುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಇದೇ ಕೋಲ್ಟ್‌ನ ಸೇನಾ ರೂಪವಾದ, ಎರಡನೇ ಮಹಾಯುದ್ಧದ ಅಸಲಿ ಎಂ1911ಎ1ಗೇ ಕಂದು ಪ್ಲಾಸ್ಟಿಕ್ ಗ್ರಿಪ್ ಇತ್ತು. 1990ರ ದಶಕದಲ್ಲಿ ಕೋಲ್ಟ್ ಕಂಪನಿಯೇ ತನ್ನ ಎಂ1991ಎ1 ಪಿಸ್ತೂಲಿಗೆ ಪ್ಲಾಸ್ಟಿಕ್ ಮೇನ್‌ಸ್ಪ್ರಿಂಗ್ ಹೌಸಿಂಗ್ (ಹಿಡಿಯ ಹಿಂಬದಿಯಲ್ಲಿ ಸ್ಪ್ರಿಂಗ್ ಕೂರುವ ಭಾಗ) ಹಾಕಿತು. ನನ್ನ ಕಿಟ್‌ನಲ್ಲಿ ಅದೇ ಭಾಗ ಲೋಹದ್ದು!

ನಿಜವಾದ ತಲೆನೋವು ಈ ಲೋಹದ ಭಾಗಗಳೇ. ಹ್ಯಾಮರ್, ಥಂಬ್ ಸೇಫ್ಟಿ (ಹೆಬ್ಬೆರಳಿನ ಸುರಕ್ಷಾ ಲಿವರ್), ಸ್ಲೈಡ್ ಸ್ಟಾಪ್ (ಸ್ಲೈಡನ್ನು ತಡೆಯುವ ಲಿವರ್) ಎಲ್ಲ ಸತುವಿನ ಎರಕ. ಅದರಲ್ಲಿ ಸುಮಾರು 4% ಅಲ್ಯೂಮಿನಿಯಂ ಬೆರೆತಿರುತ್ತದೆ. ಸ್ಲೈಡ್ ಮೇಲೆ ಬರ್ಚ್‌ವುಡ್ ಕೇಸಿಯ ಸೂಪರ್ ಬ್ಲೂ ದ್ರವ ಎಷ್ಟು ಚೆನ್ನಾಗಿ ಕೂತಿತು ಅಂದರೆ, ದೀಪದ ಕೆಳಗೆ ಹಿಡಿದು ಸುಮ್ನೆ ನೋಡುತ್ತಾ ಕೂತಿದ್ದೆ. ಹ್ಯಾಮರ್‌ಗೆ ಅದೇ ಕಂಪನಿಯ ಅಲ್ಯೂಮಿನಿಯಂ ಬ್ಲ್ಯಾಕ್ ಎಂಬ ದ್ರವ ಹಚ್ಚಿದೆ. ಒಂದು ಕ್ಷಣದಲ್ಲಿ ಕಪ್ಪಾಯಿತು. ಬಟ್ಟೆಯಲ್ಲಿ ಒರೆಸಿದರೆ ಅಷ್ಟೂ ಕಪ್ಪು ಬಟ್ಟೆಗೇ ಬಂತು.

ದ್ರವಕ್ಕೆ ಜಾಸ್ತಿ ನೀರು ಬೆರೆಸಿ, ಕಡಿಮೆ ಹೊತ್ತು ಅದ್ದಿದಾಗ ಬಣ್ಣ ನಿಂತಿತು. ಆದರೆ ಮಾರನೇ ದಿನ ಹ್ಯಾಮರ್ ಬದಿಯಲ್ಲಿ ಬಿಳಿ ಚುಕ್ಕೆಗಳು. ಒರೆಸಿದರೆ ಹೋಗುತ್ತವೆ, ರಾತ್ರಿ ಕಳೆದರೆ ಮತ್ತೆ ಬರುತ್ತವೆ. ಅಡುಗೆ ಸೋಡಾ ನೀರಲ್ಲಿ ಮುಳುಗಿಸಿದೆ, ಬಿಸಿ ಗಾಳಿ ಕೊಟ್ಟೆ, ಎಣ್ಣೆ ಹಚ್ಚಿದೆ. ಚುಕ್ಕೆ ಕಡಿಮೆಯಾದವು, ಹೋಗಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಗೊತ್ತಾಯಿತು. ಆ ಜಾಗದಲ್ಲೆಲ್ಲ ಸೂಜಿಮೊನೆಯಷ್ಟು ತೂತುಗಳಿವೆ. ಬ್ಲೂಯಿಂಗ್ ದ್ರವದ ಆಮ್ಲ ಅವುಗಳೊಳಗೆ ಕೂತು, ನಿಧಾನವಾಗಿ ಹೊರಗೆ ಬಂದು, ಸತುವಿಗೆ ಬಿಳಿ ತುಕ್ಕು ಹಿಡಿಸುತ್ತಿತ್ತು.

ಎರಕದಲ್ಲೇ ದೋಷ ಅಂದುಕೊಂಡು ಬಿಡಿಭಾಗಕ್ಕೆ ಬರೆದೆ. ಇಲ್ಲಿನ ಕಂಪನಿಗಳು ಒಂದು ಮಾದರಿಯನ್ನು ಒಂದು ಕಂತು ಮಾಡಿ ನಿಲ್ಲಿಸಿಬಿಡುತ್ತವೆ. ಮುಂದಿನ ಕಂತು ಬರುವವರೆಗೆ ಬಿಡಿಭಾಗಕ್ಕೂ ಕಾಯಬೇಕು. ಕೊನೆಗೆ ಒಬ್ಬ ಅಂಗಡಿಯವರ ಹತ್ತಿರ ಹಳೇ ದಾಸ್ತಾನು ಸಿಕ್ಕಿತು. ಬೆಲೆ ಕೇಳಿ ಹೊಟ್ಟೆ ಉರಿಯಿತು. ಪ್ಯಾಕೆಟ್ ಬಿಚ್ಚಿದರೆ ಹ್ಯಾಮರ್‌ನ ಹಿಡಿತಕ್ಕೆಂದು ಗೀರು ಹಾಕಿದ ತುದಿಯಲ್ಲೇ ಪೆಟ್ಟು ಬಿದ್ದಿತ್ತು. ವಾಪಸ್ ಕೇಳಿದರೆ, ಹಳೇ ಸರಕಿಗೆ ವಾಪಸ್ ಇಲ್ಲ ಎಂಬ ಉತ್ತರ. ಅಷ್ಟು ದುಡ್ಡು ತಗೊಂಡ ಮೇಲೆ ಫೋಟೋನಾದರೂ ಸರಿಯಾಗಿ ಹಾಕಬೇಡವೇ?

ಆ ವಾರ ಊರಿಗೆ ಫೋನ್ ಮಾಡಿದಾಗ ಮಾವನ ಹತ್ತಿರ ಇದನ್ನೇ ಹೇಳಿಕೊಂಡೆ. ಮಾವ ಅಕ್ಕಸಾಲಿಗರು, ಬೆಳ್ಳಿ ಕೆಲಸ ಜಾಸ್ತಿ.

‘ಎರಕದ ಮೇಲೆ ಅರ ಹಾಕಿದ್ದೀಯೇನೋ?’ ಎಂದರು.

‘ಹೌದು ಮಾವ, ಗೆರೆ ತೆಗೀಬೇಕಲ್ವಾ?’

‘ಗೆರೆ ಮಾತ್ರ ತೆಗಿ. ಉಳಿದಿದ್ದನ್ನ ಉಜ್ಜಬೇಡ, ಒತ್ತು. ಎರಕದ ಮೇಲ್ಮೈ ಗಟ್ಟಿ ಇರುತ್ತೆ, ಕೆಳಗೆಲ್ಲ ಗಾಳಿ ತೂತು. ನುಣುಪು ಉಕ್ಕಿನಿಂದ ಒತ್ತಿ ಒಪ್ಪ ಹಾಕಿದರೆ ಮುಚ್ಕೊಳ್ಳುತ್ತೆ.’

ಎಚ್‌ಡಬ್ಲ್ಯೂ ಪ್ಲಾಸ್ಟಿಕ್‌ಗೆ ನಾವು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಅಚ್ಚಿನಿಂದ ಬಂದಾಗ ಅದರ ಮೇಲ್ಪದರದಲ್ಲಿ ಬರೀ ರಾಳವೇ ಜಾಸ್ತಿ. ಅದನ್ನು ಉಜ್ಜಿ ತೆಗೆದರೆ ಮಾತ್ರ ಲೋಹದ ಪುಡಿ ಹೊರಗೆ ಬರುತ್ತದೆ, ಬ್ಲೂಯಿಂಗ್ ಹಿಡಿಯುತ್ತದೆ. ಸತುವಿನಲ್ಲಿ ಮೇಲ್ಪದರವೇ ಆಸ್ತಿ, ಅದನ್ನು ಕಾಪಾಡಬೇಕು. ನಾವೆಲ್ಲ ಎರಡಕ್ಕೂ ಒಂದೇ ಎಮರಿ ಪೇಪರ್ ಹಿಡಿದು ಒಂದೇ ಕೆಲಸ ಮಾಡುತ್ತಿದ್ದೇವೆ. ಕೈಪಿಡಿಗಳಲ್ಲೂ ಎಲ್ಲ ಭಾಗಕ್ಕೂ ಒಂದೇ ಸಾಲು ಬರೆದಿರುತ್ತಾರೆ.

ಪೆಟ್ಟು ಬಿದ್ದ ಹ್ಯಾಮರನ್ನೇ ಕೈಗೆತ್ತಿಕೊಂಡೆ. ಅಚ್ಚಿನ ಗೆರೆಯನ್ನು ಚೂಪು ಬ್ಲೇಡಿನಿಂದ ಕೆರೆದೆ, ಅರ ಮುಟ್ಟಲಿಲ್ಲ. ಮುರಿದ ಡ್ರಿಲ್ ಬಿಟ್‌ನ ನುಣುಪಾದ ಹಿಂಬದಿಯನ್ನು ಕನ್ನಡಿಯಂತೆ ಹೊಳೆಸಿ, ಒಂದು ತೊಟ್ಟು ಎಣ್ಣೆ ಹಾಕಿ, ಭಾರ ಬಿಟ್ಟು ಒತ್ತುತ್ತಾ ಹೋದೆ. ಸತು ಮೆತ್ತಗಿನ ಲೋಹ, ಒತ್ತಿದ ಹಾಗೆ ಹರಡುತ್ತದೆ. ಕೆರೆದ ಜಾಗದ ತೂತುಗಳು ಕಣ್ಣೆದುರೇ ಮುಚ್ಚಿಕೊಂಡವು. ತುದಿಯ ಪೆಟ್ಟೂ ಅರ್ಧ ಮಾಯವಾಯಿತು. ಆಮೇಲೆ ಆಲ್ಕೋಹಾಲ್‌ನಲ್ಲಿ ತೊಳೆದು, ತೆಳು ದ್ರವದಲ್ಲಿ ಅದ್ದಿ, ನೀರು, ಸೋಡಾ ನೀರು, ಮತ್ತೆ ನೀರು, ಬಿಸಿ ಗಾಳಿ. ಬಣ್ಣ ಕಡುಬೂದು, ಅಂಚಿನಲ್ಲಿ ಸ್ವಲ್ಪ ನೀಲಿ. ಸ್ಲೈಡ್ ಪಕ್ಕ ಇಟ್ಟರೆ ಎರಡೂ ಒಂದೇ ಉಕ್ಕಿನಿಂದ ಬಂದಂತಿವೆ. ಒಂದು ವಾರ ಬಿಟ್ಟು ನೋಡಿದೆ, ಬಿಳಿ ಚುಕ್ಕೆ ಇಲ್ಲ. ಎಷ್ಟು ಖುಷಿಯಾಯಿತು ಅಂದರೆ, ಅದೇ ರಾತ್ರಿ ಮಾವನಿಗೆ ಫೋಟೋ ಕಳಿಸಿದೆ.

ಇದೇ ಉತ್ಸಾಹದಲ್ಲಿ ತಲೆ ಜರ್ಮನಿಯ ಲೂಗರ್ ಪಿ08 ಪಿಸ್ತೂಲಿನ ಕಡೆಗೆ ಓಡುತ್ತಿದೆ. 1937ರ ಸುಮಾರಿನವರೆಗೆ ಅದರ ಟ್ರಿಗರ್, ಸೇಫ್ಟಿ ಲಿವರ್‌ನಂಥ ಸಣ್ಣ ಭಾಗಗಳು ಒಣಹುಲ್ಲಿನ ಬಣ್ಣದಲ್ಲಿರುತ್ತಿದ್ದವು. ಉಕ್ಕನ್ನು ಹದವಾಗಿ ಕಾಯಿಸಿದಾಗ ತಾನಾಗಿ ಬರುವ ಹೊಂಬಣ್ಣ ಅದು. ಈ ಸತುವಿನ ಎರಕವನ್ನು ಎಷ್ಟು ಕಾಯಿಸಿದರೂ ಆ ಬಣ್ಣ ಬರುವುದಿಲ್ಲ, 390 ಡಿಗ್ರಿ ಒಳಗೇ ಕರಗುತ್ತದೆ. ಒಪ್ಪ ಹಾಕಿ, ತೆಳುವಾಗಿ ಹಿತ್ತಾಳೆ ಲೇಪ ಕೊಟ್ಟು, ಮೇಲೆ ಹಳದಿ ಲ್ಯಾಕರ್ ಎಳೆದರೆ ಹೇಗೆ? ಆ ಕಿಟ್ ಆಗಲೇ ಕಪಾಟಿನಲ್ಲಿ ಕೂತಿದೆ. ಆದರೆ ಕೋಲ್ಟ್ ಮುಗಿಯುವವರೆಗೆ ಬಿಚ್ಚುವುದಿಲ್ಲ.

ಕೋಲ್ಟ್‌ನಲ್ಲಿ ಥಂಬ್ ಸೇಫ್ಟಿ ಸುಲಭ, ಅದರ ಮೈ ಬಹುಪಾಲು ಚಪ್ಪಟೆ. ಸ್ಲೈಡ್ ಸ್ಟಾಪ್‌ನ ಹೆಬ್ಬೆರಳು ಇಡುವ ಜಾಗದಲ್ಲಿ ಸಣ್ಣ ಗೀರುಗಳಿವೆ, ಅಲ್ಲಿಗೆ ಡ್ರಿಲ್ ಬಿಟ್ ಹೋಗುವುದಿಲ್ಲ. ದಪ್ಪ ಹೊಲಿಗೆ ಸೂಜಿಯ ತುದಿ ಉರುಟಾಗಿಸಿ ಪ್ರಯತ್ನಿಸಬೇಕು ಅಂತಿದ್ದೇನೆ. ಗೀರಿನೊಳಗೆ ಒಪ್ಪ ಹಾಕಿದವರು ಯಾರಾದರೂ ಇದ್ದರೆ, ಯಾವ ಮೊನೆ ಬಳಸಿದಿರಿ, ಗೀರಿನ ಅಂಚು ಮೊಂಡಾಗದಂತೆ ಹೇಗೆ ಹಿಡಿದಿರಿ, ದಯವಿಟ್ಟು ಹೇಳಿ.