ಪಲ್ಪರ್‌ಗೆ ಕಟ್ಟಿದ ಜಾಸ್ತಿ ಸುಂಕ

ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಒಳಗೆ ಮದ್ದು ಸೊಪ್ಪಿನ ಪಾಯಸ ಕುದಿಯುತ್ತಿತ್ತು. ಈ ಮಳೆಯಲ್ಲಿ ತೋಟಕ್ಕೆ ಇಳಿಯೋ ಹಾಗಿಲ್ಲ. ಜಗಲಿಯಲ್ಲಿ ಕೂತು ಬೂಸ್ಟು ಹಿಡಿದ ಫೈಲ್‌ಗಳನ್ನು ಒರೆಸುತ್ತಿದ್ದೆ. ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಷಿನ್‌ನ ಕಾಗದ ಕೈಗೆ ಬಂತು.

ಆ ಪಲ್ಪರ್ ಕೊಲಂಬಿಯಾದ್ದು. ಹೋದ ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲಿಗೆ ಅಂತ ಚೆನ್ನೈ ಬಂದರಿನಿಂದ ಸೋಮವಾರಪೇಟೆಗೆ ತರಿಸಿದ್ದೆವು. ಹಳೇ ಮಷಿನ್ ಕುಡಿಯುತ್ತಿದ್ದ ನೀರು ನೋಡಿದರೆ ಸಂಕಟ ಆಗುತ್ತಿತ್ತು. ಆ ಗಸಿ ನೀರು ತೋಡಿಗೆ ಸೇರಿದರೆ ಕೆಳಗಿನವರ ಗದ್ದೆ ಹಾಳು. ಹೊಸದಕ್ಕೆ ನೀರು ತುಂಬಾ ಕಡಿಮೆ ಸಾಕು. ಅದಕ್ಕೇ ಸಾಲ ಮಾಡಿ ತಂದಿದ್ದು.

ಇನ್‌ವಾಯ್ಸ್‌ನ ಮೂಲೆಯಲ್ಲಿ 'ಸಿಐಎಫ್ ಚೆನ್ನೈ' ಅಂತಿತ್ತು. ಅಂದರೆ ಹಡಗಿನ ಬಾಡಿಗೆ, ವಿಮೆ ಎರಡೂ ಆ ಬೆಲೆಯಲ್ಲೇ ಸೇರಿವೆ. ಕಸ್ಟಮ್ಸ್‌ಗೆ ಕೊಟ್ಟ ಆಮದು ಲೆಕ್ಕದ ಕಾಗದ, ಬಿಲ್ ಆಫ್ ಎಂಟ್ರಿ, ಪಕ್ಕದಲ್ಲಿಟ್ಟು ನೋಡಿದೆ. ಅದೇ ಬೆಲೆ, ಕೆಳಗಿನ ಸಾಲಿನಲ್ಲಿ ಮತ್ತೆ ಬಾಡಿಗೆ 60,000. ಇಲ್ಲದ ಅರವತ್ತು ಸಾವಿರಕ್ಕೆ ನಾವು ಸುಂಕ ಕಟ್ಟಿದ್ದೆವು.

ಲೆಕ್ಕ ಹಾಕಿದೆ. 7.5% ಮೂಲ ಸುಂಕ 4,500. ಅದರ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್ 450. ಅರವತ್ತು ಸಾವಿರಕ್ಕೆ ಇವೆರಡನ್ನೂ ಸೇರಿಸಿದ ಮೊತ್ತಕ್ಕೆ 18% ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಕಟ್ಟುವ ಜಿಎಸ್‌ಟಿ, 11,691. ಒಟ್ಟು 16,641 ರೂಪಾಯಿ. ಜಿಎಸ್‌ಟಿ ನೋಂದಣಿ ಇರುವವರು ಐಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳಬಹುದು. ಬೆಳೆದ ಕಾಫಿಯನ್ನು ಹಾಗೇ ಮಾರುವ ನನಗೆ ನೋಂದಣಿ ಇಲ್ಲ, ಅಷ್ಟೂ ಕೈಯಿಂದಲೇ ಹೋದ ಹಣ.

ಬಂದರಿನಲ್ಲಿ ನಮ್ಮ ಕಸ್ಟಮ್ಸ್ ಕೆಲಸ ಮಾಡಿಸಿದ ಕ್ಲಿಯರಿಂಗ್ ಏಜೆಂಟ್‌ಗೆ ಫೋನ್ ಮಾಡಿದೆ. "ಸಣ್ಣ ಅಮೌಂಟ್ ಸಾರ್, ಸುಮ್ನೆ ಬಿಟ್ಟುಬಿಡಿ" ಅಂದರು. ನನಗೆ ತುಂಬಾ ಬೇಜಾರಾಯ್ತು. ನಮ್ಮ ತೋಟದಲ್ಲಿ ಅದು ಹೆಚ್ಚುಕಡಿಮೆ ಒಂದು ವಾರದ ಕೂಲಿ ಬಟವಾಡೆ.

ಮಡಿಕೇರಿಯ ಲೆಕ್ಕಪರಿಶೋಧಕರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು ಸುಂಕ ಕಟ್ಟಿದ ತಾರೀಖು. ನವೆಂಬರ್ 21. 1962ರ ಕಸ್ಟಮ್ಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕಟ್ಟಿದ ದಿನದಿಂದ ಒಂದು ವರ್ಷದೊಳಗೆ ವಾಪಸ್ ಕೇಳಬೇಕು. ಆದರೆ ನೇರವಾಗಿ ಕೇಳೋ ಹಾಗಿಲ್ಲ. ಬಿಲ್ ಆಫ್ ಎಂಟ್ರಿ ತಿದ್ದಿಸದೆ ರಿಫಂಡ್ ಸಿಗೋದಿಲ್ಲ ಅಂತ 2019ರಲ್ಲಿ ಐಟಿಸಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮೊದಲು 149ನೇ ಸೆಕ್ಷನ್‌ನಲ್ಲಿ ತಿದ್ದುಪಡಿ ಅರ್ಜಿ. ಅದಕ್ಕೆ ಸರಕು ಬಿಡುಗಡೆಯಾದಾಗಲೇ ಇದ್ದ ದಾಖಲೆ ಬೇಕು. ಆ ಬೂಸ್ಟು ಹಿಡಿದ ಇನ್‌ವಾಯ್ಸ್ ಇತ್ತಲ್ವಾ, ಅದೇ ನಮ್ಮನ್ನು ಕಾಪಾಡಿತು.

ಆಮೇಲೆ ಅವರು ನನ್ನ ಲೆಕ್ಕದ ಪುಸ್ತಕ ತೆಗೆದರು. ಜಾಸ್ತಿ ಕಟ್ಟಿದ ಸುಂಕವನ್ನು ಗಿರಾಕಿಯಿಂದ ವಸೂಲಿ ಮಾಡಿಲ್ಲ ಅಂತ ನಾವೇ ತೋರಿಸಬೇಕಂತೆ. ಇಲ್ಲದಿದ್ದರೆ ಹಣ ಮಂಜೂರಾದರೂ ನಮಗೆ ಬರೋದಿಲ್ಲ, ಗ್ರಾಹಕ ಕಲ್ಯಾಣ ನಿಧಿಗೆ ಹೋಗುತ್ತೆ. ನಾನು ಪೂರಾ ಸುಂಕವನ್ನು ಮಷಿನ್ ಬೆಲೆಗೆ ಸೇರಿಸಿ ಬರೆದಿದ್ದೆ. ಅವರು 16,641ನ್ನು ಅಲ್ಲಿಂದ ತೆಗೆಸಿ, 'ಕಸ್ಟಮ್ಸ್‌ನಿಂದ ಬರಬೇಕಾದ್ದು' ಅಂತ ಬೇರೆ ಸಾಲು ಬರೆಸಿದರು. ಅದನ್ನು ನೋಡಿಯೇ, ಗಿರಾಕಿಯಿಂದ ವಸೂಲಿ ಮಾಡಿಲ್ಲ ಅನ್ನೋ ಸರ್ಟಿಫಿಕೇಟ್ ಕೊಟ್ಟರು.

ತಿದ್ದುಪಡಿ ಸೆಪ್ಟೆಂಬರ್ ಕೊನೆಗೆ ಆಯ್ತು. ಅಕ್ಟೋಬರ್ 9ಕ್ಕೆ ರಿಫಂಡ್ ಅರ್ಜಿ ಹೋಯ್ತು. ಅರ್ಜಿ ಕೊಟ್ಟು ಮೂರು ತಿಂಗಳು ದಾಟಿದರೆ 6% ಬಡ್ಡಿ ಸೇರಿಸಿ ಕೊಡಬೇಕು. ನಮ್ಮದು ಅದಕ್ಕೆ ಮೊದಲೇ ಬಂತು.

ಡಿಸೆಂಬರ್‌ನ ಒಂದು ಸಂಜೆ ಕಣದಲ್ಲಿ ಹಣ್ಣು ಅಳೆಯುತ್ತಿದ್ದಾಗ ಬ್ಯಾಂಕಿನ ಮೆಸೇಜ್ ಬಂತು. ಪಲ್ಪರ್ ಓಡುತ್ತಿತ್ತು, ಅದರ ಸದ್ದಿಗೆ ಹೆಂಡತಿಗೆ ನಾನು ಕೂಗಿದ್ದು ಕೇಳಿಸಲಿಲ್ಲ. ಹತ್ತಿರ ಹೋಗಿ ಫೋನ್ ತೋರಿಸಿದೆ. ಅವಳು ಕೈಗೆ ಹತ್ತಿದ ಲೋಳೆಯನ್ನು ಸೆರಗಿಗೆ ಒರೆಸಿಕೊಂಡು, ಒಳಗಿನಿಂದ ಲೆಕ್ಕದ ಪುಸ್ತಕ ತಂದು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದಳು.